ಹಳೆಯ ಲಾರಿ ಎಂಜಿನ್: ಕಾರ್ಬುರೇಟರ್ ತೆಗೆದು ಇಂಜೆಕ್ಷನ್ ಕೂಡಿಸುವ ಮುನ್ನ

ಕಿತ್ತ ಈರುಳ್ಳಿ ಬಹಳ ದಿನ ಕಾಯುವುದಿಲ್ಲ. ಹಿರಿಯೂರು ತಾಲ್ಲೂಕಿನ ಐಮಂಗಲದ ಕಡೆಯ ರೈತನೊಬ್ಬ ಮೂಟೆಗಳನ್ನು ಹೇರಿಕೊಂಡು ಬೆಂಗಳೂರಿನ ಯಶವಂತಪುರ ಮಾರುಕಟ್ಟೆಗೆ ಹೊರಟಾಗ ಹಳೆಯ ಪೆಟ್ರೋಲ್ ಗಾಡಿ ಹೆದ್ದಾರಿಯ ಏರಿನಲ್ಲಿ ಮುಗ್ಗರಿಸಿ ನಿಂತರೆ, ಆ ದಿನದ ಧಾರಣೆ ಕೈತಪ್ಪಿದಂತೆಯೇ. ಇಂಥ ಗಾಡಿಯುಳ್ಳವರಿಗೆ ಈಗ ದೊರೆಯುವ ಸಲಹೆ ಒಂದೇ: ಕಾರ್ಬುರೇಟರ್ ಕಿತ್ತು ಇಂಜೆಕ್ಷನ್ ಹಾಕಿಸಿ. ಈ ಸಲಹೆ ಕೆಲವರಿಗೆ ಸರಿ, ಹಲವರಿಗೆ ದಂಡ.

ಎರಡರ ವ್ಯತ್ಯಾಸವನ್ನು ತಿಳಿಯಲು ದಾಳಿಂಬೆ ತೋಟದ ಹನಿ ನೀರಾವರಿಯನ್ನು ನೋಡಿದರೆ ಸಾಕು. ರಸಾವರಿಗೆ ವೆಂಚುರಿ ಕೂಡಿಸಿದಾಗ ಕಿರಿದಾದ ಕಂಠದಲ್ಲಿ ನೀರಿನ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಗೊಬ್ಬರದ ದ್ರಾವಣ ತಾನಾಗಿ ಒಳಕ್ಕೆ ಎಳೆಯಲ್ಪಡುತ್ತದೆ. ಕಾರ್ಬುರೇಟರ್ ಎಂದರೆ ಇದೇ ವೆಂಚುರಿ. ಅಲ್ಲಿ ನೀರಿನ ಬದಲು ಗಾಳಿ, ಗೊಬ್ಬರದ ಬದಲು ಪೆಟ್ರೋಲು. ನೀರಿನ ಹರಿವು ಏರಿಳಿದರೆ ಗೊಬ್ಬರದ ಪ್ರಮಾಣ ಹೇಗೆ ತಪ್ಪುವುದೋ ಹಾಗೆಯೇ ಎಂಜಿನ್ನಿನ ವೇಗ, ಭಾರ, ಗಾಳಿಯ ಬಿಸಿ ಬದಲಾದಂತೆ ಮಿಶ್ರಣವೂ ತಪ್ಪುತ್ತದೆ. ಇದನ್ನು ಸರಿದೂಗಿಸಲೆಂದೇ ಕಾರ್ಬುರೇಟರಿನಲ್ಲಿ ಚೋಕ್, ಫ್ಲೋಟ್, ಹಲವು ಜೆಟ್‌ಗಳು ಇರುತ್ತವೆ. ಇಂಜೆಕ್ಷನ್ನಾದರೋ ಗೊಬ್ಬರವನ್ನು ಅಳೆದು ಒತ್ತಡದಿಂದ ತಳ್ಳುವ ಪಂಪಿನಂತೆ. ಒಂದು ಭಾಗ ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಎಂಜಿನ್ ಯಾವ ಸ್ಥಿತಿಯಲ್ಲಿದ್ದರೂ ಬೇಕಾದ ಪ್ರಮಾಣದ ಹತ್ತಿರವೇ ಮಿಶ್ರಣವನ್ನು ಇಡುವುದು ಇದರ ಹೆಚ್ಚುಗಾರಿಕೆ.

ನಮ್ಮ ರಸ್ತೆಗಳಿಗೆ ಇಂಜೆಕ್ಷನ್ ಹೊಸದೇನಲ್ಲ. ಒಂದು ಕಾಲದಲ್ಲಿ ಡಾಡ್ಜ್, ಫಾರ್ಗೊ, ಬೆಡ್‌ಫರ್ಡ್ ಮುಂತಾದ ಪೆಟ್ರೋಲ್ ಲಾರಿಗಳು ಕಾರ್ಬುರೇಟರಿನಿಂದಲೇ ಓಡಿದವು. 1954ರಲ್ಲಿ ಟೆಲ್ಕೊ ಕಂಪನಿಯು ಜರ್ಮನಿಯ ಬೆನ್ಜ್ ಕಂಪನಿಯೊಡನೆ ಸೇರಿ ಡೀಸೆಲ್ ಲಾರಿ ತಯಾರಿಕೆಗೆ ತೊಡಗಿತು. ಅದೇ ದಶಕದಲ್ಲಿ ಮದರಾಸಿನ ಸಿಂಪ್ಸನ್ ಸಂಸ್ಥೆಯು ಪರ್ಕಿನ್ಸ್ ಡೀಸೆಲ್ ಎಂಜಿನ್‌ಗಳನ್ನು ತಯಾರಿಸಲಾರಂಭಿಸಿತು. 1951ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿದ ಮೈಕೋ ಕಾರ್ಖಾನೆಯ ಪಂಪು, ನಾಜಲ್‌ಗಳ ಹೆಸರು ಹಳ್ಳಿಯ ಪಂಪ್‌ಸೆಟ್ಟಿನವರೆಗೂ ಮುಟ್ಟಿತು. ಆ ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದಾಯಿತು. ಗ್ಯಾರೇಜಿನವರ ಬಾಯಲ್ಲಿ ಮಾತ್ರ ಅದು ಮೈಕೋ ಆಗಿಯೇ ಉಳಿದಿದೆ.

ಆದರೆ ಅಂದಿನ ಪರಿವರ್ತನೆಯಲ್ಲಿ ಪೆಟ್ರೋಲ್ ಎಂಜಿನ್ನನ್ನೇ ಇಳಿಸಿ ಡೀಸೆಲ್ ಎಂಜಿನ್ ಕೂಡಿಸುತ್ತಿದ್ದರು. ಇದಕ್ಕೆ ಕಾರಣವಿದೆ. ಹಳೆಯ ಪೆಟ್ರೋಲ್ ಲಾರಿ ಎಂಜಿನ್ ಗಾಳಿಯನ್ನು ಆರೇಳು ಪಟ್ಟು ಮಾತ್ರ ಒತ್ತುತ್ತದೆ. ಪ್ಲಗ್ಗಿನ ಕಿಡಿಯಿಂದ ಉರಿ ಹತ್ತುತ್ತದೆ. ಡೀಸೆಲ್ಲಿಗೆ ಕಿಡಿಯಿಲ್ಲ. ಹದಿನೈದು ಪಟ್ಟಿಗೂ ಮಿಗಿಲಾಗಿ ಒತ್ತಿದ ಗಾಳಿಯ ಶಾಖದಿಂದಲೇ ಅದು ಹೊತ್ತಬೇಕು. ಆದ್ದರಿಂದ ಪೆಟ್ರೋಲ್ ಎಂಜಿನ್ನಿಗೆ ಡೀಸೆಲ್ ಪಂಪು ಕಟ್ಟಿಕೊಡುತ್ತೇವೆಂದು ಯಾರಾದರೂ ಹೇಳಿದರೆ ನಂಬಬಾರದು. ಇಂದು ಹಳೆಯ ಎಂಜಿನ್ನಿಗೆ ಹಾಕಬಹುದಾದದ್ದು ಪೆಟ್ರೋಲ್ ಇಂಜೆಕ್ಷನ್ ಮಾತ್ರ.

ಏನೇನು ಬದಲಾಗಬೇಕು?

ಕಾರ್ಬುರೇಟರಿನ ಜಾಗದಲ್ಲಿ ಇಂಜೆಕ್ಟರ್ ಕೂರಿಸಿದರೆ ಕೆಲಸ ಮುಗಿಯಿತೆಂಬುದು ತಪ್ಪು ತಿಳಿವಳಿಕೆ. ಕಾರ್ಬುರೇಟರಿಗೆ ಚದರ ಸೆಂಟಿಮೀಟರಿಗೆ ಕಾಲು ಕಿ.ಗ್ರಾಂ ಆಸುಪಾಸಿನ ಒತ್ತಡ ಸಾಕು. ಇಂಜೆಕ್ಷನ್ನಿಗೆ ಸಾಮಾನ್ಯವಾಗಿ 3 ಕಿ.ಗ್ರಾಂ ಬೇಕು. ಹಳೆಯ ರಬ್ಬರ್ ಕೊಳವೆ ಇದನ್ನು ತಡೆಯಲಾರದು. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ಚಿಮ್ಮಿದರೆ ಗಾಡಿಯೂ ಸರಕೂ ಬೆಂಕಿಗೆ ತುತ್ತು. ಆದ್ದರಿಂದ ವಿದ್ಯುತ್ ಪಂಪು, ಒತ್ತಡ ತಡೆಯುವ ಕೊಳವೆ, ಸೂಕ್ಷ್ಮ ಫಿಲ್ಟರು, ಒತ್ತಡ ನಿಯಂತ್ರಕ, ಬಹಳಷ್ಟು ಜೋಡಣೆಗಳಲ್ಲಿ ಟ್ಯಾಂಕಿಗೆ ಹಿಂದಿರುಗುವ ಕೊಳವೆ, ಇವೆಲ್ಲ ಹೊಸದಾಗಿ ಬರಬೇಕು. ಎಂಜಿನ್ ನಿಂತ ಕೂಡಲೇ ಪಂಪೂ ನಿಲ್ಲುವಂತೆ ತಂತಿ ಜೋಡಿಸಿರಬೇಕು. ಇದನ್ನು ಮಾಲೀಕನು ತಾನೇ ಎದುರಿಗೆ ನಿಂತು ಪರೀಕ್ಷಿಸಬೇಕು.

ಇವುಗಳ ಜೊತೆಗೆ ನೀರಿನ ಶಾಖ, ಗಾಳಿ ಬಾಗಿಲಿನ ಸ್ಥಾನ, ಹೊಗೆಯಲ್ಲಿ ಉಳಿದ ಆಮ್ಲಜನಕ ಇವನ್ನು ಅಳೆಯುವ ಸೆನ್ಸರುಗಳೂ, ಲೆಕ್ಕ ಹಾಕಿ ಇಂಜೆಕ್ಟರ್ ತೆರೆಯುವ ವಿದ್ಯುನ್ಮಾನ ಪೆಟ್ಟಿಗೆಯೂ ಇರುತ್ತವೆ. ಇವಕ್ಕೆಲ್ಲ ಎಡೆಬಿಡದೆ ವಿದ್ಯುತ್ ಬೇಕು. ಹಳೆಯ ಡೈನಮೊ ನಿಧಾನಗತಿಯಲ್ಲಿ ಬ್ಯಾಟರಿಯನ್ನು ತುಂಬುವುದಿಲ್ಲವಾದ್ದರಿಂದ ಆಲ್ಟರ್ನೇಟರ್ ಅವಶ್ಯ. ಟ್ಯಾಂಕಿನ ತುಕ್ಕು ತೊಳೆಯದೆ ಬಿಟ್ಟರೆ ಹೊಸ ಪಂಪು ಬೇಗ ಹಾಳಾಗುತ್ತದೆ. ಸಿಂಪರಣಾ ಯಂತ್ರದ ನಾಜಲ್ ಕಸದಿಂದ ಕಟ್ಟಿಕೊಳ್ಳುವುದನ್ನು ಕಂಡ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಣ ತೆಗೆಯುವ ಮುನ್ನ ಎಂಜಿನ್ನಿನ ಒಡಲನ್ನು ನೋಡತಕ್ಕದ್ದು. ಪ್ರತಿ ಸಿಲಿಂಡರಿನ ಒತ್ತಡ ಅಳೆಸಬೇಕು. ರಿಂಗು ಸವೆದಿದ್ದರೆ, ವಾಲ್ವ್ ಸೋರುತ್ತಿದ್ದರೆ, ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟಿನಲ್ಲಿ ಗಾಳಿ ನುಸುಳುತ್ತಿದ್ದರೆ ಇಂಜೆಕ್ಷನ್ನಿನಿಂದ ಏನೂ ಆಗದು. ಬೇರು ಕೊಳೆತ ಗಿಡಕ್ಕೆ ಎಲೆಯ ಮೇಲೆ ಯೂರಿಯಾ ಹೊಡೆದಂತೆ. ಕಾರ್ಬುರೇಟರಿನ ಮೇಲೆ ಹೊರಿಸಿದ ಎಷ್ಟೋ ದೂರುಗಳು ಪಾಯಿಂಟು, ಪ್ಲಗ್ಗು, ಗಾಳಿ ಫಿಲ್ಟರುಗಳಲ್ಲೇ ಮುಗಿಯುತ್ತವೆ.

ಲೆಕ್ಕ ಹಾಕಿ ನೋಡಿ

ಗಾಡಿ ವರ್ಷಕ್ಕೆ 2,000 ಕಿ.ಮೀ. ಓಡಿ, ಲೀಟರಿಗೆ 5 ಕಿ.ಮೀ. ಕೊಡುತ್ತದೆನ್ನೋಣ. ಖರ್ಚು 400 ಲೀಟರು. ಇಂಜೆಕ್ಷನ್ನಿನಿಂದ ನೂರಕ್ಕೆ ಹತ್ತರಷ್ಟು ಉಳಿದರೂ 40 ಲೀಟರು. ಲೀಟರಿಗೆ 100 ರೂಪಾಯಿ ಹಿಡಿದರೆ 4,000 ರೂಪಾಯಿ. ಸಾಮಗ್ರಿಗೇ ಹತ್ತಾರು ಸಾವಿರ ತೆರಬೇಕಾದ ಕಡೆ ಇದು ಹಲವು ವರ್ಷ ಗಿಟ್ಟದು. ಅದೇ ಗಾಡಿ 20,000 ಕಿ.ಮೀ. ಓಡಿದರೆ ಉಳಿತಾಯ 40,000 ರೂಪಾಯಿ. ಆಗ ಮಾತು ಬೇರೆ. ಈಗಿನ ಖರ್ಚನ್ನು ಊಹಿಸಬಾರದು. ಟ್ಯಾಂಕನ್ನು ಕಂಠಮಟ್ಟ ತುಂಬಿಸಿ, ಹೇರು ಸಹಿತ 200 ಕಿ.ಮೀ. ಓಡಿಸಿ, ಮತ್ತೆ ಅದೇ ಮಟ್ಟಕ್ಕೆ ತುಂಬಿಸಲು ಎಷ್ಟು ಹಿಡಿಯಿತೆಂದು ಬರೆದಿಡಬೇಕು.

ಲೆಕ್ಕಕ್ಕೆ ಸಿಗದ ಒಂದು ಅಂಶವೂ ಇದೆ. ಕಟ್ಟಿಕೊಂಡ ಜೆಟ್ಟನ್ನು ದಾರಿಬದಿಯ ಮೆಕ್ಯಾನಿಕ್ ಬಿಚ್ಚಿ ಊದಿ ಸರಿಮಾಡಿಯಾನು. ಸೆನ್ಸರು ಕೆಟ್ಟರೆ ಅದನ್ನು ಗುರುತಿಸುವ ಉಪಕರಣವೂ ಬಿಡಿಭಾಗವೂ ಬೇಕು. ಹಿರಿಯೂರಿನಲ್ಲೋ ಚಿತ್ರದುರ್ಗದಲ್ಲೋ ಅದನ್ನು ಬಲ್ಲವರು ಇದ್ದಾರೆಯೇ ಎಂದು ಮೊದಲು ವಿಚಾರಿಸದೆ ದೂರದ ಊರಿನಲ್ಲಿ ಕೂಡಿಸಿಕೊಂಡು ಬರುವುದು ಜಾಣತನವಲ್ಲ.

ಎಂಜಿನ್ನನ್ನೇ ಬದಲಿಸುವುದಾದರೆ 1988ರ ಮೋಟಾರು ವಾಹನ ಕಾಯ್ದೆಯಂತೆ ನೋಂದಣಿ ಅಧಿಕಾರಿಯ ಅನುಮತಿ ಅಗತ್ಯ. ಪುಸ್ತಕದಲ್ಲಿರುವ ಎಂಜಿನ್ ಸಂಖ್ಯೆಗೂ ಗಾಡಿಗೂ ತಾಳೆಯಾಗದಿದ್ದರೆ ವಿಮೆಯ ಹಣಕ್ಕೂ ತೊಡಕು. ಇಂಜೆಕ್ಷನ್ ಮಾತ್ರ ಕೂಡಿಸುವವರೂ ಸಾರಿಗೆ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳುವುದು ಲೇಸು.

ಕಾರ್ಬುರೇಟರನ್ನೇ ಉಳಿಸಿಕೊಳ್ಳುವವರು ಒಂದು ಬದಲಾವಣೆಯನ್ನು ಗಮನಿಸಬೇಕು. ನೂರಕ್ಕೆ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಕಬ್ಬು, ಮೆಕ್ಕೆಜೋಳ ಬೆಳೆಯುವವರಿಗೆ ಇದು ಒಳ್ಳೆಯ ಸುದ್ದಿ. ಹಳೆಯ ರಬ್ಬರಿಗೆ ಅಲ್ಲ. ಎಥೆನಾಲ್ ಅದನ್ನು ಉಬ್ಬಿಸಿ ಬಿರುಕು ಬಿಡಿಸಬಹುದು, ತೇವವನ್ನೂ ಹೀರುತ್ತದೆ. ಎಥೆನಾಲ್ ತಡೆಯುವ ಕೊಳವೆ, ಡಯಾಫ್ರಮ್, ಗ್ಯಾಸ್ಕೆಟ್ ಹಾಕಿಸಿ, ಫ್ಲೋಟ್ ಮಟ್ಟ ಸರಿಪಡಿಸಬೇಕು. ಸುಗ್ಗಿ ಕಳೆದು ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವಾಗ ಪೆಟ್ರೋಲು ಬರುವ ದಾರಿ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಬಯಲಿನಲ್ಲಿ ಓಡಿಸಿ ಕಾರ್ಬುರೇಟರನ್ನು ಬರಿದು ಮಾಡಬೇಕು. ಮುಂದಿನ ಈರುಳ್ಳಿ ಕೀಳುವುದಕ್ಕೆ ಹದಿನೈದು ದಿನ ಮೊದಲೇ ಹೊಸ ಪೆಟ್ರೋಲು ಹಾಕಿ, ಹೇರು ತುಂಬಿ, ಏರು ದಾರಿಯಲ್ಲಿ ಒಮ್ಮೆ ಓಡಿಸಿ ನೋಡಬೇಕು.