ಸಿಇಟಿ ಅಂಕದಲ್ಲಿ ತಪ್ಪಾಗಿದೆಯೆನಿಸಿದರೆ ಮಾಡಬೇಕಾದುದೇನು?

ಯಂತ್ರವು ಎಣಿಸಿಕೊಟ್ಟ ಅಂಕವನ್ನು ಪ್ರಶ್ನಿಸಲಾಗದೆಂದು ಭಾವಿಸಿ ಸುಮ್ಮನಾಗುವ ಪದ್ಧತಿಯು ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳ ಎಷ್ಟೋ ಮನೆಗಳಲ್ಲಿ ಇನ್ನೂ ಉಳಿದಿದೆ. ಆದರೆ 2005ರ ಅಕ್ಟೋಬರಿನಲ್ಲಿ ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆಯಾದ ಎಸ್‌ಎಟಿಯ ಉತ್ತರಪತ್ರಿಕೆಗಳು ಹವೆಯ ತೇವವನ್ನು ಹೀರಿ ಹಿಗ್ಗಿದುದರಿಂದ, ಸ್ಕ್ಯಾನರು ಕೆಲವು ಗುರುತುಗಳನ್ನು ಗ್ರಹಿಸಲಾರದೆ, ನಾಲ್ಕು ಸಾವಿರಕ್ಕೂ ಮಿಕ್ಕ ವಿದ್ಯಾರ್ಥಿಗಳಿಗೆ ನ್ಯಾಯವಾಗಿ ಸಲ್ಲಬೇಕಾದುದಕ್ಕಿಂತ ಕಡಿಮೆ ಅಂಕ ಬಂದಿತ್ತು. ಇಬ್ಬರು ವಿದ್ಯಾರ್ಥಿಗಳು ತಮ್ಮ ಪತ್ರಿಕೆಯನ್ನು ಕೈಯಿಂದ ಎಣಿಸಬೇಕೆಂದು ಕೇಳಿಕೊಂಡ ಮೇಲೆಯೇ ಆ ಪ್ರಮಾದವು ಬೆಳಕಿಗೆ ಬಂದಿತು.

ನಮ್ಮಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಸಿಇಟಿಯಲ್ಲಿಯೂ ಅಂಕವು ತಪ್ಪುವುದಕ್ಕೆ ಮೂರು ಎಡೆಗಳುಂಟು: ಪ್ರಶ್ನೆಯೇ ದೋಷಯುಕ್ತವಾಗಿರಬಹುದು, ಓಎಂಆರ್ ಹಾಳೆಯ ಓದಿನಲ್ಲಿ ಲೋಪವಾಗಬಹುದು, ಪಿಯುಸಿ ಅಂಕದಲ್ಲಿ ವ್ಯತ್ಯಾಸವುಂಟಾಗಬಹುದು. ಇವುಗಳಿಗೆ ಪರಿಹಾರದ ಮಾರ್ಗಗಳು ಬೇರೆ ಬೇರೆಯಾದುದರಿಂದ ಮೊದಲು ತಪ್ಪಿನ ಮೂಲವನ್ನು ಗುರುತಿಸಿಕೊಳ್ಳತಕ್ಕದ್ದು.

ಮೊದಲನೆಯ ಕಾರ್ಯವು ಪರೀಕ್ಷೆಯ ಕೊಠಡಿಯಲ್ಲಿಯೇ ಆರಂಭವಾಗುತ್ತದೆ. ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪ್ರಶ್ನೆಪತ್ರಿಕೆಯ ವರ್ಷನ್ ಕೋಡನ್ನು ಓಎಂಆರ್ ಹಾಳೆಯಲ್ಲಿ ಬರೆದು ಅದರ ವೃತ್ತವನ್ನೂ ಸರಿಯಾಗಿ ತುಂಬಬೇಕು; ಅದು ತಪ್ಪಿದರೆ ನಿಮ್ಮ ಉತ್ತರಗಳು ಬೇರೊಂದು ಪತ್ರಿಕೆಯ ಕೀ ಉತ್ತರದೊಡನೆ ತಾಳೆಯಾಗುವ ಅಪಾಯವಿದೆ. ಬಾಲ್ ಪೆನ್ನಿನಿಂದ ವೃತ್ತವು ಪೂರ್ಣವಾಗಿ ಕಪ್ಪಾಗುವಂತೆ ತುಂಬಿರಿ. ಒಂದೇ ಪ್ರಶ್ನೆಗೆ ಎರಡು ವೃತ್ತಗಳನ್ನು ತುಂಬಿದರೆ ಅಂಕ ದೊರೆಯದು. ಹೊರಬರುವಾಗ ಅಭ್ಯರ್ಥಿಯ ಕೈಗೆ ಬರುವ ಕಾರ್ಬನ್ ಪ್ರತಿಯನ್ನು, ಅದು ಬೇಗ ಮಸುಕಾಗತಕ್ಕದ್ದಾದುದರಿಂದ, ಅಂದೇ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟು, ಪ್ರಶ್ನೆಪತ್ರಿಕೆಯೊಡನೆ ಪ್ಲಾಸ್ಟಿಕ್ ಚೀಲದಲ್ಲಿ ಭದ್ರಪಡಿಸಿರಿ. ಈ ಪ್ರತಿಯಿಲ್ಲದೆ ಹೋದರೆ ಮುಂದಿನ ಯಾವ ವಾದಕ್ಕೂ ಆಧಾರವಿರುವುದಿಲ್ಲ.

ಎರಡನೆಯದು, ಕೀ ಉತ್ತರದ ಪರಿಶೀಲನೆ. ಪರೀಕ್ಷೆಯ ತರುವಾಯ ಪ್ರಾಧಿಕಾರವು ತಾತ್ಕಾಲಿಕ ಕೀ ಉತ್ತರಗಳನ್ನು ಜಾಲತಾಣದಲ್ಲಿ ಪ್ರಕಟಿಸಿ, ಕೆಲವೇ ದಿನಗಳ ಅವಧಿಯಲ್ಲಿ ಆಕ್ಷೇಪಣೆಗಳನ್ನು ಆಹ್ವಾನಿಸುತ್ತದೆ. ಮಂಗಳೂರು, ಬೆಂಗಳೂರುಗಳ ಕೋಚಿಂಗ್ ಸಂಸ್ಥೆಗಳಲ್ಲಿ ಈ ಕಾರ್ಯಕ್ಕಾಗಿಯೇ ಉಪನ್ಯಾಸಕರು ಸಿದ್ಧರಾಗಿ ಕುಳಿತಿರುತ್ತಾರೆ. ನಮ್ಮ ತಾಲ್ಲೂಕುಗಳ ಹುಡುಗ ಹುಡುಗಿಯರು ತಮ್ಮ ಪಿಯು ಕಾಲೇಜಿನ ಉಪನ್ಯಾಸಕರನ್ನೇ ಆಶ್ರಯಿಸಬೇಕು, ಅವರೂ ರಜೆಯಲ್ಲಿದ್ದೇವೆಂದು ಹಿಂದೆಗೆಯಬಾರದೆಂಬುದು ನನ್ನ ಪ್ರಾರ್ಥನೆ. ಆಕ್ಷೇಪಣೆಯಲ್ಲಿ ವಿಷಯ, ವರ್ಷನ್ ಕೋಡ್, ಪ್ರಶ್ನೆಯ ಸಂಖ್ಯೆಗಳನ್ನು ನಮೂದಿಸಿ, ಪಠ್ಯಪುಸ್ತಕದ ಸಂಬಂಧಪಟ್ಟ ಪುಟವನ್ನು ಆಧಾರವಾಗಿ ಲಗತ್ತಿಸಬೇಕು. ವೈದ್ಯಕೀಯಕ್ಕಾಗಿ ನೀಟ್ ಬರೆದವರು ಪ್ರತಿ ಪ್ರಶ್ನೆಗೆ 200 ರೂಪಾಯಿ ತೆತ್ತು ಆಕ್ಷೇಪಿಸಬೇಕಾಗುತ್ತದೆ.

ಇಂತಹ ಆಕ್ಷೇಪಣೆಗಳು ವ್ಯರ್ಥವೆಂದು ತಿಳಿಯಬೇಡಿ. 2024ರ ಏಪ್ರಿಲ್ 18 ಮತ್ತು 19ರಂದು ನಡೆದ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನ ಪ್ರಶ್ನೆಗಳಿದ್ದುವೆಂದು ವಿದ್ಯಾರ್ಥಿಗಳೂ ಪಾಲಕರೂ ದನಿಯೆತ್ತಿದಾಗ, ಭೌತಶಾಸ್ತ್ರದ 9, ರಸಾಯನಶಾಸ್ತ್ರದ 15, ಗಣಿತದ 15, ಜೀವಶಾಸ್ತ್ರದ 11, ಹೀಗೆ ಒಟ್ಟು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಲಾಯಿತು. ಎಂಜಿನಿಯರಿಂಗ್ ಅಭ್ಯರ್ಥಿಯ ಪಾಲಿಗೆ 180 ಅಂಕಗಳು 141ಕ್ಕೆ ಇಳಿದುವು. ಅಂತಹ ವರ್ಷದಲ್ಲಿ ಕೈಬಿಟ್ಟ ಪ್ರಶ್ನೆಗಳನ್ನು ಮೊದಲು ಹೊಡೆದುಹಾಕಿ, ಉಳಿದವುಗಳಲ್ಲಿ ಸರಿಯಾದುವನ್ನಷ್ಟೇ ಎಣಿಸಬೇಕು: ಗಣಿತದ ಉಳಿದ 45ರಲ್ಲಿ 36 ಸರಿಯಾಗಿದ್ದರೆ ಅದು ನೂರಕ್ಕೆ 80, ಹಳೆಯ ಲೆಕ್ಕದ 60 ಅಲ್ಲ. ಹೀಗೆ ಎಣಿಸಿದ ಮೊತ್ತಕ್ಕೂ ಫಲಿತಾಂಶದ ಅಂಕಕ್ಕೂ ಅಂತರವಿದ್ದರೆ, ಕಾರ್ಬನ್ ಪ್ರತಿಯ ಚಿತ್ರದೊಡನೆ ಪ್ರಾಧಿಕಾರಕ್ಕೆ ಲಿಖಿತ ಮನವಿ ಸಲ್ಲಿಸಿ, ಸ್ವೀಕೃತಿಯನ್ನು ಪಡೆದಿಟ್ಟುಕೊಳ್ಳಿ.

ಮೂರನೆಯದು ಪಿಯುಸಿ ಅಂಕ; ಬಹುಜನರು ಲಕ್ಷ್ಯಗೊಡದೆ ಬಿಡುವುದು ಇದನ್ನೇ. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿಯ ಅರ್ಧ, ದ್ವಿತೀಯ ಪಿಯುಸಿಯ ಭೌತ, ರಸಾಯನ, ಗಣಿತಗಳ ಅರ್ಧ ಸೇರುತ್ತವೆ. ಪಿಯುಸಿಯ 300ರಲ್ಲಿ 10 ಅಂಕ ತಪ್ಪಿದರೆ, ಸಿಇಟಿಯ 180ರಲ್ಲಿ 6 ಪ್ರಶ್ನೆ ತಪ್ಪಿದಷ್ಟೇ ನಷ್ಟ. ಆದುದರಿಂದ ಅಂಕದ ಮೇಲೆ ಸಂದೇಹವಿದ್ದವರು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯಿಂದ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಯನ್ನು ಗಡುವಿನೊಳಗೆ ತರಿಸಿಕೊಳ್ಳಬೇಕು. ಆ ಪ್ರತಿಯನ್ನು ಪಡೆದವರಿಗೆ ಮಾತ್ರ ಮರುಮೌಲ್ಯಮಾಪನದ ಅವಕಾಶ. ಪ್ರತಿ ಬಂದೊಡನೆ ಪುಟಪುಟವನ್ನೂ ಬೆರಳಿಟ್ಟು ನೋಡಿ: ಮೌಲ್ಯಮಾಪಕರ ಗುರುತಿಲ್ಲದ ಉತ್ತರವಿದೆಯೇ, ಒಳಗಿನ ಅಂಕವು ಮುಖಪುಟದ ಚೌಕಕ್ಕೆ ಬಂದಿದೆಯೇ, ಕೂಡಿಕೆ ಸರಿಯಿದೆಯೇ? ಅಂಕ ಪರಿಷ್ಕೃತವಾದರೆ, ಸೀಟು ಹಂಚಿಕೆ ಆರಂಭವಾಗುವ ಮೊದಲೇ ಅದನ್ನು ಪ್ರಾಧಿಕಾರದ ಗಮನಕ್ಕೆ ತರಬೇಕು.

ಇಷ್ಟರ ಮೇಲೂ ನ್ಯಾಯ ದೊರೆಯದಿದ್ದಾಗ ಉಳಿಯುವುದು ನ್ಯಾಯಾಲಯ. ಕೀ ಉತ್ತರವು ತಪ್ಪೆಂದು ಸ್ಪಷ್ಟವಾಗಿ ಸಿದ್ಧವಾಗದ ಹೊರತು ಅದು ಸರಿಯೆಂದೇ ಭಾವಿಸತಕ್ಕದ್ದೆಂದು ಸುಪ್ರೀಂ ಕೋರ್ಟು 1983ರಲ್ಲಿ ಕಾನ್ಪುರ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಹೇಳಿತು. ಆದರೆ ಆ ಪ್ರಕರಣದಲ್ಲಿ ಗೆದ್ದವರು ಪಠ್ಯಪುಸ್ತಕಗಳ ಬಲದಿಂದ ತಪ್ಪನ್ನು ತೋರಿಸಿಕೊಟ್ಟ ವಿದ್ಯಾರ್ಥಿಗಳೇ. 2024ರ ನೀಟ್‌ನಲ್ಲಿ ಎರಡು ಉತ್ತರಗಳನ್ನು ಒಪ್ಪಿಕೊಳ್ಳಲಾಗಿದ್ದ ಭೌತಶಾಸ್ತ್ರದ ಪ್ರಶ್ನೆಯೊಂದನ್ನು ಅದೇ ನ್ಯಾಯಾಲಯವು ದೆಹಲಿಯ ಐಐಟಿಯ ತಜ್ಞರಿಗೆ ಒಪ್ಪಿಸಿ, ಅವರ ಅಭಿಪ್ರಾಯದಂತೆ ಒಂದೇ ಉತ್ತರವನ್ನು ಉಳಿಸಿದ ಬಳಿಕ, ಪರಿಷ್ಕೃತ ಫಲಿತಾಂಶದಲ್ಲಿ ಪ್ರಥಮ ಸ್ಥಾನದವರ ಸಂಖ್ಯೆಯು 61ರಿಂದ 17ಕ್ಕೆ ಇಳಿಯಿತು. ಗದಗ ಜಿಲ್ಲೆಯವರು ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಹೈಕೋರ್ಟಿನ ಧಾರವಾಡ ಪೀಠದಲ್ಲಿಯೇ ರಿಟ್ ಅರ್ಜಿ ಹಾಕಬಹುದು. ವಕೀಲರ ಶುಲ್ಕವನ್ನು ಭರಿಸಲಾರದವರು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನಾಗಲಿ ಗದಗಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನಾಗಲಿ ಕಂಡು ಉಚಿತ ನೆರವನ್ನು ಕೇಳಬಹುದು. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯು ಆದಾಯವನ್ನು ಲೆಕ್ಕಿಸದೆ ಆ ಹಕ್ಕನ್ನು ಕೊಟ್ಟಿದೆ.