ಅರಳಿಕಟ್ಟೆಯ ಮಾತೂ ಆರೋಗ್ಯಕ್ಕೆ ಬೇಕು

ಹಿರಿಯೂರಿನ ಹಳೆಯ ಬೀದಿಯೊಂದರಲ್ಲಿ ಒಬ್ಬರೇ ವಾಸವಾಗಿರುವ ಅಜ್ಜಿ. ವಯಸ್ಸು ಎಪ್ಪತ್ತು ದಾಟಿದೆ. ಪ್ರತಿದಿನ ಬೆಳಿಗ್ಗೆ ಏಳಕ್ಕೆ ಎದುರು ಮನೆಯ ಜಗಲಿಯಲ್ಲಿ ಕುಳಿತು ಹೂ ಕಟ್ಟುವುದು ಅವರ ರೂಢಿ. ಒಂದು ದಿನ ಏಳೂಕಾಲಾದರೂ ಬರಲಿಲ್ಲ. ಎದುರು ಮನೆಯಾಕೆ ಹೋಗಿ ನೋಡಿದರೆ ಅಜ್ಜಿ ಅಡಿಗೆಮನೆಯ ಗೋಡೆಗೆ ಒರಗಿ ಕುಳಿತಿದ್ದರು. ಬಾಯಿ ಒಂದು ಕಡೆ ವಾಲಿತ್ತು, ಮಾತು ತೊದಲುತ್ತಿತ್ತು. ಆರೂಮುಕ್ಕಾಲಿಗೆ ಅವರು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟಿದ್ದನ್ನು ಕಂಡವರಿದ್ದರು. ಆದ್ದರಿಂದ ಪಾರ್ಶ್ವವಾಯು ಬಡಿದು ಅರ್ಧ ಗಂಟೆಯಷ್ಟೇ ಆಗಿದೆ ಎಂಬುದು ಸ್ಪಷ್ಟವಾಯಿತು. ತಡಮಾಡದೆ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಸಮಯಕ್ಕೆ ಸಿಕ್ಕಿತು. ಈಗ ಕೋಲು ಹಿಡಿದು ನಡೆಯುತ್ತಾರೆ. ಹೂವನ್ನೂ ಕಟ್ಟುತ್ತಾರೆ.

ಅದೇ ತಿಂಗಳು ಹೊಸ ಬಡಾವಣೆಯ ನಿವೃತ್ತ ನೌಕರರೊಬ್ಬರಿಗೂ ಇದೇ ಆಯಿತು. ಎರಡಂತಸ್ತಿನ ಮನೆ, ಎತ್ತರದ ಕಾಂಪೌಂಡು. ಮಗ ಬೆಂಗಳೂರಿನಲ್ಲಿ. ರಾತ್ರಿ ಫೋನು ಎತ್ತದಿದ್ದಾಗ ಅಪ್ಪ ಮಲಗಿರಬೇಕು ಎಂದುಕೊಂಡ. ಬಚ್ಚಲಮನೆಯಲ್ಲಿ ಬಿದ್ದಿದ್ದ ಅವರನ್ನು ಮರುದಿನ ಕೆಲಸದಾಕೆ ನೋಡಿದಾಗ ಮಧ್ಯಾಹ್ನವಾಗಿತ್ತು. ಚುಚ್ಚುಮದ್ದಿನ ವೇಳೆ ಮೀರಿತ್ತು. ಬಲಗೈ, ಬಲಗಾಲು ಇಂದಿಗೂ ಸ್ವಾಧೀನಕ್ಕೆ ಬಂದಿಲ್ಲ.

ಇಬ್ಬರಿಗೂ ಇದ್ದದ್ದು ಒಂದೇ ರಕ್ತದೊತ್ತಡದ ಕಾಯಿಲೆ, ಇಬ್ಬರೂ ನುಂಗುತ್ತಿದ್ದದ್ದು ಒಂದೇ ಮಾತ್ರೆ. ವ್ಯತ್ಯಾಸವಿದ್ದದ್ದು ಒಂದರಲ್ಲಿ: ಒಬ್ಬರು ಕಾಣದಿದ್ದಾಗ ‘ಯಾಕೆ ಬರಲಿಲ್ಲ?’ ಎಂದು ಕೇಳುವವರಿದ್ದರು, ಇನ್ನೊಬ್ಬರಿಗೆ ಇರಲಿಲ್ಲ. ಈ ವಾರ ಆ ‘ಕೇಳುವವರ’ ಬಗ್ಗೆ ಬರೆಯುತ್ತಿದ್ದೇನೆ. ಅದು ವೈದ್ಯನ ವಿಷಯವಲ್ಲ ಎನಿಸಬಹುದು. ಆದರೆ ಅಮೆರಿಕದ ಒಂದು ಪುಟ್ಟ ಊರು ಇದನ್ನು ವೈದ್ಯರ ವಿಷಯವನ್ನಾಗಿ ಮಾಡಿ ಅರವತ್ತು ವರ್ಷಗಳಾದವು.

ರೊಸೆಟೊ ಎಂಬ ಊರು

ಪೆನ್ಸಿಲ್ವೇನಿಯಾ ರಾಜ್ಯದ ಈ ಊರಿನ ಹೆಸರು ರೊಸೆಟೊ. ಇಟಲಿಯ ರೊಸೆಟೊ ವಾಲ್ಫೊರ್ಟೊರೆ ಎಂಬ ಹಳ್ಳಿಯಿಂದ 1880ರ ದಶಕದಲ್ಲಿ ಹೊಟ್ಟೆಪಾಡಿಗೆ ಹೊರಟ ಬಡವರು ಇಲ್ಲಿನ ಸ್ಲೇಟು ಕಲ್ಲಿನ ಗಣಿಗಳಲ್ಲಿ ಕೂಲಿ ಮಾಡುತ್ತ ನೆಲೆಯೂರಿದರು. ಊರಿಗೆ ತಮ್ಮ ಹಳ್ಳಿಯ ಹೆಸರನ್ನೇ ಇಟ್ಟರು.

1960ರ ದಶಕದ ಆರಂಭದಲ್ಲಿ ಸ್ಟೀವರ್ಟ್ ವುಲ್ಫ್ ಎಂಬ ವೈದ್ಯರಿಗೆ ಅಲ್ಲಿನ ಸ್ಥಳೀಯ ವೈದ್ಯರೊಬ್ಬರು ಒಂದು ವಿಚಿತ್ರ ಸಂಗತಿ ಹೇಳಿದರು: ‘ರೊಸೆಟೊದಲ್ಲಿ ನಡುವಯಸ್ಸಿನವರಿಗೆ ಹೃದಯಾಘಾತವೇ ಅಪರೂಪ.’ ಆಗ ಅಮೆರಿಕದಲ್ಲಿ ಹೃದಯಾಘಾತ ಗಂಡಸರ ಸಾವಿನ ಮುಖ್ಯ ಕಾರಣವಾಗಿತ್ತು. ವುಲ್ಫ್ ಮತ್ತು ಸಮಾಜಶಾಸ್ತ್ರಜ್ಞ ಜಾನ್ ಬ್ರೂನ್ ಅವರ ತಂಡ ಊರವರ ರಕ್ತ ಪರೀಕ್ಷಿಸಿತು, ಹೃದಯದ ಇ.ಸಿ.ಜಿ. ತೆಗೆಯಿತು, ಸಾವಿನ ದಾಖಲೆಗಳನ್ನು ನೋಡಿತು. ಮಾತು ನಿಜವಾಗಿತ್ತು. ಪಕ್ಕದ ಬ್ಯಾಂಗರ್ ಪಟ್ಟಣದಲ್ಲಿ ಕುಡಿಯುವ ನೀರು ಅದೇ, ಆಸ್ಪತ್ರೆ ಅದೇ. ಆದರೂ ಅಲ್ಲಿ ಹೃದಯಾಘಾತದ ಸಾವುಗಳು ಹೆಚ್ಚಾಗಿದ್ದವು.

ಕಾರಣ ಊಟವೇ? ರೊಸೆಟೊದವರು ಹಂದಿಯ ಕೊಬ್ಬಿನಲ್ಲಿ ಕರಿದು ತಿನ್ನುತ್ತಿದ್ದರು. ವ್ಯಾಯಾಮವೇ? ಹಲವರಿಗೆ ಬೊಜ್ಜಿತ್ತು, ಬೀಡಿ ಸಿಗರೇಟಿನ ಚಟವೂ ಇತ್ತು. ಕೊನೆಗೆ ತಂಡದ ಕಣ್ಣಿಗೆ ಬಿದ್ದದ್ದು ಊರು ಬದುಕುವ ರೀತಿ. ಒಂದೇ ಮನೆಯಲ್ಲಿ ಮೂರು ತಲೆಮಾರು, ಸಂಜೆ ಬೀದಿಯಲ್ಲಿ ನಿಂತು ಮಾತು, ಚರ್ಚಿನ ಹಬ್ಬಕ್ಕೆ ಎಲ್ಲರ ಕೈ, ಹಣವಿದ್ದವನೂ ಮೆರೆಯದ ನಡತೆ. ಮುದುಕರು ಯಾರಿಗೂ ಭಾರವಾಗಿರಲಿಲ್ಲ.

ಈ ಕಟ್ಟು ಸಡಿಲಾದರೆ ರೋಗವೂ ಬರುತ್ತದೆ ಎಂದು ಸಂಶೋಧಕರು ಆಗಲೇ ಎಚ್ಚರಿಸಿದ್ದರು. 1960ರ ದಶಕದಲ್ಲಿ ಓದಿದ ಮಕ್ಕಳು ಊರಾಚೆ ಬೇಲಿ ಹಾಕಿದ ದೊಡ್ಡ ಮನೆಗಳನ್ನು ಕಟ್ಟಿಕೊಂಡರು. 1935ರಿಂದ 1984ರವರೆಗಿನ 50 ವರ್ಷಗಳ ಸಾವಿನ ಲೆಕ್ಕ 1992ರಲ್ಲಿ ಪ್ರಕಟವಾದಾಗ, ರೊಸೆಟೊ ಕೂಡ ಬ್ಯಾಂಗರಿನ ಮಟ್ಟಕ್ಕೇ ಬಂದು ನಿಂತಿದ್ದು ಕಾಣಿಸಿತು.

ರೊಸೆಟೊ ಚಿಕ್ಕ ಊರು. ಅಷ್ಟು ಕಡಿಮೆ ಜನರ ಲೆಕ್ಕದಿಂದ ದೊಡ್ಡ ತೀರ್ಮಾನ ಮಾಡಬಾರದು ಎಂದು ಆಕ್ಷೇಪಿಸಿದವರೂ ಇದ್ದಾರೆ. ಅದು ನ್ಯಾಯವೇ. ಆದರೆ 2010ರಲ್ಲಿ 148 ಅಧ್ಯಯನಗಳನ್ನು, ಅಂದರೆ ಮೂರು ಲಕ್ಷಕ್ಕೂ ಮಿಕ್ಕ ಜನರ ವಿವರಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ಒಳ್ಳೆಯ ಒಡನಾಟವಿದ್ದವರು ಬದುಕುಳಿಯುವ ಸಾಧ್ಯತೆ ಶೇಕಡಾ 50ರಷ್ಟು ಹೆಚ್ಚೆಂದು ಕಂಡುಬಂತು. ಪ್ರಪಂಚದಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೇಳಿತು.

ನಮ್ಮ ಊರುಗಳಲ್ಲಿ

ರೊಸೆಟೊದ ಕಥೆ ಓದಿದಾಗ ನನಗೆ ನೆನಪಾಗುವುದು ನಮ್ಮ ಹಿರಿಯೂರೇ. ವೇದಾವತಿಯ ದಡದ ಊರು. ತೇರುಮಲ್ಲೇಶ್ವರನ ರಥ ಎಳೆಯುವ ದಿನ ಹೊರಗೆ ದುಡಿಯಲು ಹೋದವರೂ ಮರಳಿ ಬರುತ್ತಾರೆ. 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ, ನಮ್ಮವರ ಬಾಯಲ್ಲಿ ಮಾರಿಕಣಿವೆ, 1933ರ ನಂತರ 2022ರಲ್ಲಿ ಮತ್ತೆ ಕೋಡಿ ಬಿದ್ದಾಗ ಜನ ಗುಂಪುಗುಂಪಾಗಿ ನೋಡಲು ಹೋದರು. ಮಂಡಿನೋವೆಂದು ಬೀದಿ ದಾಟದಿದ್ದ ವೃದ್ಧರೂ ಮೊಮ್ಮಕ್ಕಳ ಹೆಗಲು ಹಿಡಿದು ಹೋಗಿ ಬಂದರು. ಆ ವಾರ ನನ್ನಲ್ಲಿಗೆ ಬಂದ ಹಿರಿಯರು ನೋವಿನ ಮಾತಿಗಿಂತ ನೀರಿನ ಮಾತನ್ನೇ ಹೆಚ್ಚು ಆಡಿದರು.

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ನಾಟಕ ನೋಡಲು ಸುತ್ತಲ ಹಳ್ಳಿಯವರು ಒಟ್ಟಿಗೆ ಕೂರುತ್ತಾರೆ. ಅಲ್ಲಿಂದ ಹೊರಡುವ ‘ಶಿವಸಂಚಾರ’ ತಂಡ 1997ರಿಂದ ಊರೂರಿಗೆ ನಾಟಕ ಒಯ್ಯುತ್ತಿದೆ. ಹೊಳಲ್ಕೆರೆಯಲ್ಲಿ ಗಣಪತಿಯ ಸನ್ನಿಧಿ, ಸಂತೆ ಇವೆ. ಚಿತ್ರದುರ್ಗದಲ್ಲಿ ಬೆಳಗಿನ ಹೊತ್ತು ಚಂದ್ರವಳ್ಳಿಯ ಕಡೆ ನಡೆಯುವವರ ಗುಂಪುಗಳಿವೆ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ನಮ್ಮ ಎಷ್ಟೋ ಹಳ್ಳಿಗಳಲ್ಲಿ, ಹಿಂದೆ ಬಾವಿಕಟ್ಟೆ ಮಾಡುತ್ತಿದ್ದ ಕೆಲಸವನ್ನು ಈಗ ಶುದ್ಧ ನೀರಿನ ಘಟಕದ ಮುಂದಿನ ಸಾಲು ಮಾಡುತ್ತಿದೆ.

ಇವೆಲ್ಲ ಇನ್ನೂ ಇವೆ. ಆದರೆ ಸಡಿಲಾಗುತ್ತಿವೆ. ಬೆಂಗಳೂರು ಈಗ ಮೂರು ಗಂಟೆಯ ದಾರಿ. ಮಕ್ಕಳು ಅಲ್ಲಿದ್ದಾರೆ, ತಂದೆತಾಯಿ ಇಲ್ಲಿದ್ದಾರೆ. 2020ರ ಕೊರೊನಾ ಕಾಲದಲ್ಲಿ ಖಾಲಿಯಾದ ಕಟ್ಟೆಗಳಲ್ಲಿ ಕೆಲವು ಮತ್ತೆ ತುಂಬಲೇ ಇಲ್ಲ. ಹೊಸ ಮನೆಗಳಿಗೆ ಗೇಟು ಇದೆ, ಜಗಲಿ ಇಲ್ಲ.

ದೇಹದೊಳಗೆ ಏನಾಗುತ್ತದೆ?

ಒಂಟಿತನವನ್ನು ನಮ್ಮ ದೇಹ ಅಪಾಯವೆಂದೇ ತಿಳಿಯುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಹೆಚ್ಚುತ್ತವೆ. ಇವು ಹಾವು ಕಂಡಾಗ ಓಡಲು ಬೇಕಾದವು, ತಿಂಗಳುಗಟ್ಟಲೆ ರಕ್ತದಲ್ಲಿ ಇರಬೇಕಾದವಲ್ಲ. ಹಾಗೆ ಉಳಿದರೆ ರಕ್ತದೊತ್ತಡ ಏರುತ್ತದೆ, ಸಕ್ಕರೆ ಹತೋಟಿಗೆ ಬರುವುದಿಲ್ಲ, ನಿದ್ದೆ ಕೆಡುತ್ತದೆ.

ಇದರ ಜೊತೆಗೆ ಸಣ್ಣ ಕಾರಣಗಳೂ ಸೇರಿಕೊಳ್ಳುತ್ತವೆ. ಒಬ್ಬರಿಗೇ ಅಡಿಗೆ ಏಕೆಂದು ಅನ್ನಕ್ಕೆ ಉಪ್ಪಿನಕಾಯಿ ಕಲಸಿ ಉಣ್ಣುವವರಿದ್ದಾರೆ. ಉಪ್ಪು ಹೆಚ್ಚುತ್ತದೆ, ಕಾಳು ಸೊಪ್ಪು ಕಡಿಮೆಯಾಗುತ್ತವೆ. ‘ಮಾತ್ರೆ ತಗೊಂಡ್ಯಾ?’ ಎಂದು ಕೇಳುವವರಿಲ್ಲದಿದ್ದರೆ ಮಾತ್ರೆ ಮರೆಯುತ್ತದೆ. ವಾರಕ್ಕೆರಡು ಬಾರಿ ‘ಬಿ.ಪಿ. ನೋಡಿ ಡಾಕ್ಟ್ರೇ’ ಎಂದು ಬರುವ ಕೆಲವರ ಬಿ.ಪಿ. ಸರಿಯಾಗಿಯೇ ಇರುತ್ತದೆ. ಅವರಿಗೆ ಬೇಕಾದದ್ದು ಐದು ನಿಮಿಷದ ಮಾತು.

ಒಂದು ಎಚ್ಚರಿಕೆ. ಗೆಳೆಯರಿದ್ದಾರೆಂದು ಮಾತ್ರೆ ಬಿಡಬೇಡಿ. ರೊಸೆಟೊದವರು ಕರಿದದ್ದು ತಿಂದರೆಂದು ನೀವು ಕಟ್ಟೆಯಲ್ಲಿ ದಿನಾ ಬಜ್ಜಿ ತಿನ್ನಬೇಡಿ. ಬೀಡಿ ಹಂಚಿಕೊಳ್ಳುವುದು ಸ್ನೇಹವಲ್ಲ, ರೋಗ ಹಂಚಿಕೊಂಡಂತೆ. ಕಟ್ಟೆಯ ಮಾತು ಮಾತ್ರೆಯ ಜೊತೆಗೆ ಬೇಕು, ಮಾತ್ರೆಯ ಬದಲಿಗೆ ಅಲ್ಲ.

ಕಟ್ಟೆ ಯಾರದು?

ಹಳೆಯದೆಲ್ಲ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಅರಳಿಕಟ್ಟೆಯಲ್ಲಿ ಎಲ್ಲ ಜಾತಿಯವರಿಗೂ ಜಾಗವಿರಲಿಲ್ಲ. ಹೆಂಗಸರು ಅಲ್ಲಿ ಕೂರುವಂತಿರಲಿಲ್ಲ. ಊರ ಕೂಟವೇ ಯಾರನ್ನಾದರೂ ದೂರವಿಟ್ಟರೆ ಅವರಿಗೆ ಅದು ಔಷಧವಾಗದೆ ವಿಷವಾಗುತ್ತದೆ. ವಿಧವೆಯರು, ಅಂಗವಿಕಲರು, ಮಾನಸಿಕ ಕಾಯಿಲೆಯವರು, ಬೇರೆ ಊರಿಂದ ಕೂಲಿಗೆ ಬಂದವರು ಇಂದಿಗೂ ಗುಂಪಿನ ಹೊರಗೇ ಉಳಿಯುತ್ತಾರೆ. ಚಿತ್ರದುರ್ಗದ ಕೋಟೆ ಕಟ್ಟಿದವರು ಬೆಟ್ಟದ ಮೇಲಿನ ಹೊಂಡ ತುಂಬಿದರೆ ನೀರು ಕೆಳಗಿನ ಹೊಂಡಕ್ಕೆ ಹರಿಯುವಂತೆ ಮಾಡಿದ್ದರು. ಊರಿನ ಅಕ್ಕರೆಯೂ ಹಾಗೆ ಕೆಳಗಿನವರೆಗೆ ಹರಿಯಬೇಕು.

ನೀವು ಮಾಡಬಹುದಾದದ್ದು

* ನಿಮ್ಮ ಬೀದಿಯಲ್ಲಿ ಒಬ್ಬರೇ ಇರುವ ಹಿರಿಯರು ಯಾರೆಂದು ಈ ಭಾನುವಾರ ಮನೆಮಂದಿ ಕೂತು ಲೆಕ್ಕ ಹಾಕಿ. ಒಬ್ಬರನ್ನಾದರೂ ದಿನಕ್ಕೊಮ್ಮೆ ಕಂಡು ಮಾತನಾಡಿಸುವ ಜವಾಬ್ದಾರಿ ನಿಮ್ಮ ಮನೆಯದಾಗಲಿ.

* ದೂರದಲ್ಲಿರುವ ಮಕ್ಕಳು ತಂದೆತಾಯಿಗೆ ಫೋನು ಮಾಡುವುದರ ಜೊತೆಗೆ, ಅವರ ನೆರೆಮನೆಯವರ ನಂಬರನ್ನೂ ಇಟ್ಟುಕೊಳ್ಳಿ. ಅಪ್ಪ ಫೋನು ಎತ್ತದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಮನೆಯ ಒಂದು ಬೀಗದ ಕೈ ನಂಬಿಕೆಯ ನೆರೆಯವರ ಬಳಿ ಇರಲಿ.

* ಪಾರ್ಶ್ವವಾಯುವಿನ ಗುರುತುಗಳನ್ನು ಮಕ್ಕಳಿಗೂ ಕಲಿಸಿ: ನಕ್ಕಾಗ ಬಾಯಿ ಒಂದು ಕಡೆ ವಾಲುವುದು, ಎರಡೂ ಕೈ ಎತ್ತಿದಾಗ ಒಂದು ಕೆಳಗಿಳಿಯುವುದು, ಮಾತು ತೊದಲುವುದು. ಇದರಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ, ಅದೂ ಸಿ.ಟಿ. ಸ್ಕ್ಯಾನ್ ಆದ ಮೇಲೆ ಕೊಡಬೇಕು. ರೋಗಿ ಕೊನೆಯ ಬಾರಿ ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ. ಬಾಯಿಗೆ ನೀರಾಗಲಿ, ಮಾತ್ರೆಯಾಗಲಿ ಹಾಕಬೇಡಿ.

* ಹಿರಿಯರಿಗೆ ಕೆಲಸ ಕೊಡಿ. ‘ನೀವು ಸುಮ್ಮನೆ ಕೂತಿರಿ’ ಎನ್ನುವುದು ಪ್ರೀತಿಯ ಮಾತಾದರೂ ಹಿತವಲ್ಲ. ಹೂ ಕಟ್ಟುವುದು, ಮೊಮ್ಮಗುವನ್ನು ಶಾಲೆಗೆ ಬಿಡುವುದು, ಸಂತೆಯಿಂದ ಸೊಪ್ಪು ತರುವುದು ಅವರನ್ನು ನಾಲ್ಕು ಜನರ ನಡುವೆ ಇರಿಸುತ್ತವೆ.

* ಮನೆ ಕಟ್ಟುವವರು ಮುಂದೆ ನಾಲ್ಕು ಜನ ಕೂರುವಷ್ಟು ಜಗಲಿ ಬಿಡಿ.

* ಯಾರಾದರೂ ಊಟ ಬಿಟ್ಟು, ಮಾತು ಬಿಟ್ಟು, ‘ಇದ್ದು ಏನು ಪ್ರಯೋಜನ’ ಎನ್ನತೊಡಗಿದರೆ ಅದನ್ನು ವಯಸ್ಸಿನ ಗುಣವೆಂದು ಬಿಡಬೇಡಿ. ಖಿನ್ನತೆಗೆ ಚಿಕಿತ್ಸೆಯಿದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಿರಿಯರ ಸಹಾಯವಾಣಿ 14567. ಎರಡಕ್ಕೂ ಹಣವಿಲ್ಲ.

ಆ ನಿವೃತ್ತ ನೌಕರರ ಮನೆಗೆ ನಾನು ಆಗಾಗ ಹೋಗುತ್ತೇನೆ. ಮಾತು ಈಗ ಸ್ವಲ್ಪ ಮರಳಿದೆ. ಕಳೆದ ಬಾರಿ ಅವರು ಎಡಗೈಯಿಂದ ಗೇಟನ್ನು ತೋರಿಸಿ, ಅದನ್ನು ತೆರೆದಿಡಲು ಮಗನಿಗೆ ಸನ್ನೆ ಮಾಡಿದರು. ಸಂಜೆ ಪಕ್ಕದ ಮನೆಯ ಇಬ್ಬರು ಬಂದು ಅವರ ಬಳಿ ಕುಳಿತು ಪತ್ರಿಕೆ ಓದಿ ಹೇಳುತ್ತಾರೆ. ಈ ಅಂಕಣವನ್ನೂ ಓದಿ ಹೇಳಬಹುದು. ಅವರಿಗೆ ನಾನು ಬರೆದುಕೊಟ್ಟ ಮಾತ್ರೆಗಳ ಚೀಟಿಯಲ್ಲಿ ಆ ಇಬ್ಬರ ಹೆಸರಿಲ್ಲ. ಇರಬೇಕಿತ್ತು.