ಮೈಟರ್ ಸಾ ಅಂಗಡಿಯಲ್ಲಿ, ರೂಟರ್ ಎಲ್ಲಾದರೂ

ಎರಡನ್ನೂ ಒಂದೇ ಕಡೆ ಕೊಳ್ಳಬೇಕೆಂದೇನೂ ಇಲ್ಲ.

ಮೈಟರ್ ಸಾವನ್ನು ಅಂಗಡಿಯಲ್ಲೇ ತೆಗೆದುಕೊಳ್ಳಿ. ಭಾರದ ಯಂತ್ರ, ಸಾಗಣೆಯಲ್ಲಿ ಜೋರಾಗಿ ಏಟು ಬಿದ್ದರೆ ಫೆನ್ಸ್ ಓರೆಯಾದೀತು. ಪೆಟ್ಟಿಗೆ ಬಿಚ್ಚಿಸಿ, ಪ್ಲಗ್ ಹಾಕುವ ಮೊದಲು ಫೆನ್ಸಿಗೂ ಬ್ಲೇಡಿಗೂ ಮೂಲೆಮಟ್ಟ ಹಿಡಿದು ನೋಡಿ. ಅದು ಬ್ಲೇಡಿನ ಹಲ್ಲಿಗೆ ತಾಗಬಾರದು. ತೋಳನ್ನು ಅಡ್ಡಕ್ಕೆ ಅಲುಗಿಸಿ, ಆಟವಿದ್ದರೆ ಬೇರೆ ಪೀಸ್ ಕೇಳಿ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಅಂಗಡಿಗಳಿಗೆ ಹೋಗುವುದಾದರೆ ಆನ್‌ಲೈನ್ ಬೆಲೆಯನ್ನು ಫೋನಿನಲ್ಲೇ ತೋರಿಸಿ. ಪೂರ್ತಿ ಇಳಿಸದಿದ್ದರೂ ಒಂದು ಬ್ಲೇಡ್ ಸೇರಿಸಿ ಕೊಡಬಹುದು. ಕೇಳಲು ಸಂಕೋಚವೇಕೆ?

ರೂಟರನ್ನು ಆನ್‌ಲೈನ್‌ನಲ್ಲಿ ತರಿಸಬಹುದು, ಬಿಟ್ಟಿನ ದಂಡನ್ನು ಹಿಡಿಯುವ ಕಾಲೆಟ್‌ನ ಅಳತೆ ನೋಡಿಕೊಂಡು. ಅರ್ಧ ಇಂಚಿನ, ಅಂದರೆ 12.7 ಮಿ.ಮೀ. ಬಿಟ್ 12 ಮಿ.ಮೀ. ಕಾಲೆಟ್‌ನಲ್ಲಿ ಕೂರುವುದಿಲ್ಲ. ಅದಕ್ಕಿಂತ ಅಪಾಯ, 6 ಮಿ.ಮೀ. ಬಿಟ್ಟನ್ನು ಕಾಲಿಂಚಿನ ಕಾಲೆಟ್‌ಗೆ ಬಿಗಿಯುವುದು. ತಿರುಗುವಾಗ ಜಾರಿ ಹೊರಬಂದೀತು. ಅಮೆರಿಕದ ಭಾವನವರು ತರುತ್ತೇನೆಂದರೆ ಬೇಡವೆನ್ನಿ: ಅಲ್ಲಿನ ಮಾಮೂಲಿ ಯಂತ್ರ 120 ವೋಲ್ಟಿನದು, ನಮ್ಮ ಮನೆಯ ಕರೆಂಟು 230.

ಎಲ್ಲಿ ಕೊಂಡರೂ ಸೀರಿಯಲ್ ನಂಬರ್ ಇರುವ ಜಿಎಸ್‌ಟಿ ಬಿಲ್ ಪಡೆಯಿರಿ. ಹಣ ಕೊಡುವ ಮುನ್ನವೇ ಹತ್ತಿರದ ಸರ್ವೀಸ್ ಸೆಂಟರಿಗೆ ಫೋನ್ ಮಾಡಿ, ಆ ಮಾಡೆಲ್ಲಿನ ಕಾರ್ಬನ್ ಬ್ರಷ್, ಆರ್ಮೇಚರ್ ಸಿಗುತ್ತವೆಯೇ ವಿಚಾರಿಸಿ.